ಹಿಂಗಾರಿನ ಕಾಲದ ಕೃತಜ್ಞತಾಸ್ತುತಿ

ಓದತಕ್ಕ ವೇದಭಾಗಗಳು: ಯಾಜಕಕಾಂಡ 23ನೆಯ ಅಧ್ಯಾಯ, ಧರ್ಮೋಪದೇಶಕಾಂಡ 8 ಮತ್ತು 26ನೆಯ ಅಧ್ಯಾಯಗಳು, ಹಬಕ್ಕೂಕ 3ನೆಯ ಅಧ್ಯಾಯ.



ದೇವರ ಕೃಪೆಯಿಂದ ನಾವು ಮತ್ತೊಂದು ಶರತ್ಕಾಲವನ್ನು ಕಂಡಿದ್ದೇವೆ. ಉತ್ತರೆಯ ಮಳೆಯನ್ನು ದಾಟಿ, ಹಸ್ತದ ಮಳೆಯನ್ನು ನೋಡಿ, ಚಿತ್ತೆ ಸ್ವಾತಿಗಳಿಗಾಗಿ ಆಕಾಶದ ಕಡೆಗೆ ಕಣ್ಣೆತ್ತುವ ದಿನಗಳು ಇವು. ಮಲೆನಾಡಿನವರಿಗೆ ಮಳೆಗಾಲವು ಮುಗಿಯುತ್ತಾ ಬರುವಾಗ ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳಿಗೆ ಮಳೆಯು ಬಲವಾಗುತ್ತದೆ. ಮುಂಗಾರಿನ ಮೋಡಗಳನ್ನು ಪಶ್ಚಿಮದ ಬೆಟ್ಟಗಳು ತಡೆದು ಹಿಂಡಿಕೊಂಡ ಮೇಲೆ ಆಷಾಢದಲ್ಲಿ ನಮ್ಮ ಪಾಲಿಗೆ ಉಳಿಯುವದು ಹೆಚ್ಚಾಗಿ ಗಾಳಿಯೂ ತುಂತುರೂ ಮಾತ್ರವೇ. ನಮ್ಮ ಕೆರೆಕಟ್ಟೆಗಳು ನೆಚ್ಚಿಕೊಂಡಿರುವದು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳನ್ನು. ಆದಕಾರಣ ಶರತ್ಕಾಲವೆಂಬದು ಕವಿಗಳ ಮಾತು ಮಾತ್ರವಲ್ಲ. ನಮಗೆ ಅದು ಅನ್ನದ ಮಾತು.

ಈ ದಿನಗಳಲ್ಲಿ ನಿಮ್ಮ ಊರಿನ ಹೊಲಗಳನ್ನು ಒಮ್ಮೆ ಸುತ್ತಿ ನೋಡಿರಿ. ಒಂದು ಕಡೆ ನವಣೆ ಸಜ್ಜೆಗಳನ್ನು ಕೊಯ್ಯುತ್ತಾರೆ, ಶೇಂಗಾ ಕೀಳುತ್ತಾರೆ, ಈರುಳ್ಳಿಯನ್ನು ಕಿತ್ತು ಹೊಲದಲ್ಲಿಯೇ ಒಣಗಿಸುತ್ತಾರೆ. ಕೆಂಪು ನೆಲದಲ್ಲಿ ರಾಗಿಯ ತೆನೆಯು ಹಾಲು ತುಂಬಿಕೊಳ್ಳುತ್ತಿದೆ. ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆಯೂ ಹುಚ್ಚೆಳ್ಳೂ ಹೂವಾಗಿವೆ. ಮತ್ತೊಂದು ಕಡೆ, ಎರೆಹೊಲದಲ್ಲಿ, ಅದೇ ವಾರದಲ್ಲಿಯೇ ಕೂರಿಗೆ ಹೂಡಿ ಹಿಂಗಾರಿ ಜೋಳವನ್ನೂ ಕಡಲೆಯನ್ನೂ ಬಿತ್ತುತ್ತಾರೆ. ಕಡಲೆಯು ಬಿದ್ದ ಮೇಲೆ ದೊಡ್ಡ ಮಳೆಯನ್ನು ಕೇಳುವದಿಲ್ಲ. ಕಪ್ಪು ಮಣ್ಣು ತನ್ನೊಳಗೆ ಹಿಡಿದಿಟ್ಟುಕೊಂಡ ತೇವದಿಂದಲೂ ಮೇಲಿನಿಂದ ಬೀಳುವ ಇಬ್ಬನಿಯಿಂದಲೂ ಬೆಳೆಯುತ್ತದೆ. ಹೀಗೆ ಒಂದೇ ತಿಂಗಳಲ್ಲಿ ಒಂದು ಹೊಲದಲ್ಲಿ ಕುಡುಗೋಲು, ಇನ್ನೊಂದು ಹೊಲದಲ್ಲಿ ಕೂರಿಗೆ. ಕೊಯ್ಯುವದೂ ಬಿತ್ತುವದೂ ಕೂಡಿ ಬರುವ ಕಾಲವು ಇದು.

ದೇವರು ಈ ಕಾಲದ ಮೂಲಕ ತನ್ನ ಮಕ್ಕಳಿಗೆ ಎರಡು ಕೆಲಸಗಳನ್ನು ನೇಮಿಸಿದ್ದಾನೆಂದು ನಾವು ನಂಬುತ್ತೇವೆ. ಕೊಯ್ಯುವ ಕೈಗೆ ಕೃತಜ್ಞತೆ ತಕ್ಕದ್ದು. ಬಿತ್ತುವ ಕೈಗೆ ನೂತನವಾದ ಮನಸ್ಸು ತಕ್ಕದ್ದು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ವರುಷವು ಅರ್ಧವಾಗಿಯೇ ಉಳಿಯುವದು.

ಪೂರ್ವಕಾಲದ ಇಸ್ರಾಯೇಲ್ಯರಿಗೂ ಹೀಗೆಯೇ ಇತ್ತು. ಯಾಜಕಕಾಂಡದ 23ನೆಯ ಅಧ್ಯಾಯವನ್ನು ಓದಿರಿ. ಅವರ ಏಳನೆಯ ತಿಂಗಳು ನಮ್ಮ ಈ ಶರತ್ಕಾಲದಲ್ಲಿಯೇ ಬೀಳುತ್ತಿತ್ತು. ಆ ತಿಂಗಳಿನ 15ನೆಯ ದಿನದಲ್ಲಿ ಪರ್ಣಶಾಲೆಗಳ ಹಬ್ಬವು ಆರಂಭವಾಗುತ್ತಿತ್ತು. ಕಣದ ಧಾನ್ಯವೂ ಆಲೆಯ ದ್ರಾಕ್ಷಾರಸವೂ ಮನೆಗೆ ಸೇರಿದ ಮೇಲೆ ಜನರು ಹಸುರು ಕೊಂಬೆಗಳಿಂದ ಚಪ್ಪರಗಳನ್ನು ಕಟ್ಟಿ, ಏಳು ದಿವಸ ಅವುಗಳಲ್ಲಿ ವಾಸಮಾಡಿ, ದೇವರ ಮುಂದೆ ಸಂತೋಷಪಡುತ್ತಿದ್ದರು. ಅದಾದ ಮೇಲೆ ಆ ದೇಶದಲ್ಲಿ ಮುಂಗಾರು ಮಳೆಯು ಬಿದ್ದು ಉಳುವ ಬಿತ್ತುವ ಕೆಲಸವು ಮೊದಲಾಗುತ್ತಿತ್ತು. ಆದರೆ ಹಬ್ಬಕ್ಕೆ ಐದು ದಿವಸ ಮುಂಚೆ, ಅಂದರೆ 10ನೆಯ ದಿನದಲ್ಲಿ, ದೋಷಪರಿಹಾರಕ ದಿನವಿತ್ತು. ಅಂದು ಕೆಲಸವಿಲ್ಲ, ಜನರೆಲ್ಲರೂ ತಮ್ಮನ್ನು ತಗ್ಗಿಸಿಕೊಂಡು ಪಾಪಕ್ಷಮೆಯನ್ನು ಹುಡುಕತಕ್ಕದ್ದು. ಈ ಕ್ರಮವನ್ನು ಚೆನ್ನಾಗಿ ಗಮನಿಸಿರಿ. ಮೊದಲು ಮನಸ್ಸಿನ ಶುದ್ಧಿ, ಆಮೇಲೆ ಸುಗ್ಗಿಯ ಸಂತೋಷ. ಕಳೆ ಕೀಳದೆ ಇರುವ ಹೊಲದಲ್ಲಿ ಬಿತ್ತಿದರೆ ಬೀಜವೂ ನಷ್ಟ, ದುಡಿದ ದುಡಿತವೂ ನಷ್ಟ ಎಂಬದನ್ನು ನಮ್ಮಲ್ಲಿ ಅರಿಯದ ಮಗುವಿಲ್ಲ.

ಹೀಗಿರಲಾಗಿ, ಪ್ರಿಯರೇ, ಸುಗ್ಗಿ ಹಬ್ಬದ ಆರಾಧನೆಗೆ ಬುಟ್ಟಿಯನ್ನು ಸಿದ್ಧಮಾಡುವ ಮುಂಚೆ ನಮ್ಮ ಮನೆಗಳನ್ನು ಪರೀಕ್ಷಿಸಿಕೊಳ್ಳೋಣ. ಬದುವಿನ ಒಂದು ಮೊಳ ಮಣ್ಣಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿರುವದುಂಟು. ನಾಲೆಯ ನೀರಿನ ಸರದಿಯಲ್ಲಿ ರಾತ್ರಿ ಹೋಗಿ ನೆರೆಯವನ ಪಾಲನ್ನು ತಿರುಗಿಸಿಕೊಂಡಿರುವದುಂಟು. ಕಳೆ ಕಿತ್ತ ಹೆಂಗಸರ ಕೂಲಿಯನ್ನು ಸಂತೆಯಾಗಲಿ, ಬೆಳೆ ಮಾರಲಿ ಎಂದು ಮುಂದಕ್ಕೆ ಹಾಕಿರುವದುಂಟು. ಕೊಡದೆ ಇಟ್ಟುಕೊಂಡ ಕೂಲಿಯು ದೇವರ ಕಿವಿಯಲ್ಲಿ ಕೂಗಿಕೊಳ್ಳುತ್ತದೆಂದು ಅಪೊಸ್ತಲನಾದ ಯಾಕೋಬನು ಎಚ್ಚರಿಸಿದ್ದಾನೆ. ಅಂಥ ಕೂಗು ಏಳುತ್ತಿರುವ ಮನೆಯಿಂದ ಬಂದ ಕುಂಬಳಕಾಯಿ ಎಷ್ಟು ದೊಡ್ಡದಾಗಿದ್ದರೇನು? ಮೊದಲು ಕೂಲಿಯನ್ನು ಕೊಡಿರಿ. ಮೊದಲು ಸಹೋದರನ ಬಾಗಿಲಿಗೆ ಹೋಗಿರಿ. ಆಮೇಲೆ ಕಾಣಿಕೆಯನ್ನು ತನ್ನಿರಿ. ಇದೇ ನಮ್ಮ ಯೇಸುಸ್ವಾಮಿಯು ಬೆಟ್ಟದ ಮೇಲಣ ಪ್ರಸಂಗದಲ್ಲಿ ಕಲಿಸಿದ ಕ್ರಮವು.

ಇನ್ನು ಕೃತಜ್ಞತೆಯ ವಿಷಯವನ್ನು ನೋಡೋಣ. ಇದಕ್ಕೆ ದೂರದ ದೃಷ್ಟಾಂತವು ಬೇಡ. ನಮ್ಮ ಮಾರಿಕಣಿವೆಯೇ ಸಾಕು. ವೇದಾವತಿಯು ಬಾಬಾಬುಡನ್ ಬೆಟ್ಟಗಳ ಕಡೆಯಿಂದ ಹರಿದು, ಹೊಸದುರ್ಗದ ಸೀಮೆಯನ್ನು ದಾಟಿ, ಹಿರಿಯೂರಿನ ಬಳಿ ಎರಡು ಗುಡ್ಡಗಳ ನಡುವೆ ನುಗ್ಗುವಲ್ಲಿ ಮೈಸೂರು ಸಂಸ್ಥಾನದವರು 1898ರಲ್ಲಿ ಕಟ್ಟೆಯ ಕೆಲಸವನ್ನು ಆರಂಭಿಸಿ 1907ರಲ್ಲಿ ಮುಗಿಸಿದರು. ಅದಕ್ಕೆ ವಾಣಿವಿಲಾಸ ಸಾಗರವೆಂದು ಹೆಸರಾಯಿತು. ಪೂರ್ಣಮಟ್ಟವು 130 ಅಡಿ. ತುಂಬಿದಾಗ ಸುಮಾರು 30 ಟಿ.ಎಂ.ಸಿ. ನೀರನ್ನು ಹಿಡಿಯತಕ್ಕದ್ದು. ಅದು ಮೊದಲನೆಯ ಸಾರಿ ತುಂಬಿ ಕೋಡಿ ಹರಿದದ್ದು 1933ರಲ್ಲಿ. ಕಲ್ಲು ಹೊತ್ತವರಲ್ಲಿಯೂ ಗಾರೆ ಕಲಸಿದವರಲ್ಲಿಯೂ ಎಷ್ಟೋ ಮಂದಿ ಆ ದಿನವನ್ನು ಕಾಣದೆಯೇ ಮಣ್ಣಾಗಿರಬೇಕು. ಅವರು ಕಟ್ಟಿದ್ದರ ನೀರನ್ನು ಇತರರು ಕುಡಿದರು. ನೀವು ತೋಡದ ಬಾವಿಗಳಿಂದ ಕುಡಿಯುವಾಗ ಕೊಟ್ಟಾತನನ್ನು ಮರೆಯಬೇಡಿರೆಂದು ಮೋಶೆಯು ಜನರನ್ನು ಎಚ್ಚರಿಸಿದ ಮಾತಿನ ಅರ್ಥವು ನಮ್ಮ ನಾಲೆಗಳ ದಡದಲ್ಲಿ ನಿಂತರೆ ತಿಳಿಯುವದು.

1933ರ ತರುವಾಯ 89 ವರುಷ ಆ ಕೋಡಿಯು ಹರಿಯಲಿಲ್ಲ. ಕೆಲವು ವರುಷಗಳಲ್ಲಿ ನೀರು ಬಹಳ ತಳಕ್ಕಿಳಿದು, ಅಚ್ಚುಕಟ್ಟಿನ ತೆಂಗಿನ ತೋಟಗಳು ಒಣಗಿ, ಹಿರಿಯೂರಿನ ರೈತರು ತಾವೇ ನೆಟ್ಟು ಬೆಳೆಸಿದ ಮರಗಳನ್ನು ಕಡಿಸಬೇಕಾಯಿತು. ಆಮೇಲೆ 2022ರ ಸೆಪ್ಟೆಂಬರ್ ತಿಂಗಳಿನ ಆರಂಭದಲ್ಲಿ ಕಟ್ಟೆಯು ತುಂಬಿ ಎರಡನೆಯ ಸಾರಿ ಕೋಡಿ ಹರಿಯಿತು. ಜನರು ಮಕ್ಕಳನ್ನು ಹೆಗಲ ಮೇಲೆ ಕೂಡ್ರಿಸಿಕೊಂಡು ನೋಡಲಿಕ್ಕೆ ಹೋದರು. ಬಾಯಿ ಇದ್ದವರೆಲ್ಲರೂ ದೇವರನ್ನು ಕೊಂಡಾಡಿದರು. ಆದರೆ ಮರುವರುಷವೇ, 2023ರಲ್ಲಿ, ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಸರಕಾರವು ಸಾರಿತು. ಅನೇಕ ಹೊಲಗಳಲ್ಲಿ ತೆನೆ ಕಟ್ಟುವ ಮುಂಚೆಯೇ ಪೈರು ಬಾಡಿತು. ತಿರಿಗಿ 2025ರ ಜನವರಿಯಲ್ಲಿ ಅದೇ ಕಟ್ಟೆಯು ಮೂರನೆಯ ಸಾರಿ ಕೋಡಿ ಹರಿಯಿತು.

ಈಗ ನಮ್ಮನ್ನು ನಾವೇ ಕೇಳಿಕೊಳ್ಳೋಣ. 2022ರಲ್ಲಿ ಸ್ತೋತ್ರ ಮಾಡಿದ ನಾಲಿಗೆಯು 2023ರಲ್ಲಿ ಏನು ಮಾಡಿತು? ಕಟ್ಟೆಯ ಅಳತೆಗಂಬದ ಮೇಲೆ ನೀರು ಏರಿದಂತೆ ಏರುವದೂ, ಅದು ಇಳಿದಂತೆ ಇಳಿಯುವದೂ ಕೃತಜ್ಞತೆಯಲ್ಲ. ಅದು ಲಾಭದ ಲೆಕ್ಕವು. ಧರ್ಮೋಪದೇಶಕಾಂಡದ 8ನೆಯ ಅಧ್ಯಾಯದಲ್ಲಿ ಮೋಶೆಯು ಹೊಟ್ಟೆ ತುಂಬಿದವರಿಗೆ ಹೇಳುವ ಎಚ್ಚರಿಕೆಯು ಯಾವದೆಂದರೆ, ಈ ಐಶ್ವರ್ಯವನ್ನು ನಮ್ಮ ಕೈಬಲವೇ ಸಂಪಾದಿಸಿತೆಂದು ಹೃದಯದಲ್ಲಿ ಅಂದುಕೊಳ್ಳಬಾರದು. ಅದೇ ಅಧ್ಯಾಯವು ಅರಣ್ಯದ ಹಸಿವೆಯನ್ನೂ ನೆನಪಿಗೆ ತರುತ್ತದೆ. ತುಂಬಿದ ಕಾಲದಲ್ಲಿ ದೇವರನ್ನು ಮರೆಯುವದು ಒಂದು ಶೋಧನೆ. ಬರಿದಾದ ಕಾಲದಲ್ಲಿ ದೇವರು ನಮ್ಮನ್ನು ಮರೆತನೆಂದು ಎಣಿಸುವದು ಇನ್ನೊಂದು ಶೋಧನೆ. ನಮ್ಮ ಸೀಮೆಯವರಿಗೆ ಎರಡೂ ಒಂದರ ಹಿಂದೆ ಒಂದು ಬರುತ್ತವೆ.

ಕೆಲವು ಸಭೆಗಳ ಹಿರಿಯರು ಕೇಳುವದುಂಟು: ಬೆಳೆಯೇ ಕೈಗೆ ಬಾರದ ವರುಷದಲ್ಲಿ ಸುಗ್ಗಿ ಹಬ್ಬವು ಯಾತಕ್ಕೆ? ಬಿತ್ತಿದ ಬೀಜದ ಸಾಲವೇ ತೀರದಿರುವಾಗ ಯಾವ ಬಾಯಿಂದ ಸ್ತೋತ್ರ ಹೇಳಬೇಕು? ಇದು ಹಗುರವಾದ ಪ್ರಶ್ನೆಯಲ್ಲ. ಇದಕ್ಕೆ ಹಗುರವಾದ ಉತ್ತರವನ್ನು ಕೊಡುವದು ಪಾಪವು. ಸಾಲದ ಭಯದಿಂದ ಪ್ರಾಣವನ್ನೇ ಕಳಕೊಂಡ ರೈತರ ಸುದ್ದಿಯನ್ನು ನಾವೆಲ್ಲರೂ ಕೇಳಿದ್ದೇವೆ. ಅಂಥ ಮನೆಯ ಜಗಲಿಯ ಮೇಲೆ ಕೂತು, ಎಲ್ಲಾದಕ್ಕೂ ಸ್ತೋತ್ರ ಮಾಡಮ್ಮಾ ಎಂದು ಹೇಳಿ ಎದ್ದು ಬರುವವನು ಯೋಬನ ಸ್ನೇಹಿತರ ಗುಂಪಿಗೆ ಸೇರಿದವನು.

ಬರಗಾಲವನ್ನು ಒಳ್ಳೆಯದೆಂದು ಕರೆಯಬೇಕೆಂದು ದೇವರು ನಮ್ಮನ್ನು ಕೇಳುವದಿಲ್ಲ. ಪ್ರವಾದಿಯಾದ ಹಬಕ್ಕೂಕನನ್ನು ನೋಡಿರಿ. ತೋಟದಲ್ಲಿ ಹಣ್ಣಿಲ್ಲ, ಹೊಲದಲ್ಲಿ ಧಾನ್ಯವಿಲ್ಲ, ಹಟ್ಟಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ ಎಂಬದಾಗಿ ಅವನು ತನ್ನ ನಷ್ಟವನ್ನು ಮೊದಲು ಒಂದೊಂದಾಗಿ ಎಣಿಸುತ್ತಾನೆ, ಯಾವದನ್ನೂ ಮುಚ್ಚಿಡುವದಿಲ್ಲ. ಎಣಿಸಿದ ಮೇಲೆಯೇ ತನ್ನ ರಕ್ಷಕನಾದ ದೇವರಲ್ಲಿ ಸಂತೋಷಪಡುವೆನೆನ್ನುತ್ತಾನೆ. ಅವನ ಸಂತೋಷವು ಕಣದ ರಾಶಿಯಲ್ಲಿ ಇರಲಿಲ್ಲವಾದದರಿಂದ ಕಣವು ಬರಿದಾದಾಗ ಅದು ಅಳಿಯಲಿಲ್ಲ. ಅಳುವವನ ಬಾಯನ್ನು ಮುಚ್ಚಿಸದ ದೇವರು ನಮ್ಮ ದೇವರು. ಕಣ್ಣೀರಿನ ಕೂಡ ಬಂದ ಸ್ತೋತ್ರವನ್ನು ಆತನು ತಳ್ಳುವದಿಲ್ಲ.

ನಮ್ಮ ಹಿರಿಯರು ಇದಕ್ಕಿಂತ ಕಠಿಣವಾದ ದಿನಗಳನ್ನು ದಾಟಿ ಬಂದರು. ಧಾತು ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 1878ರ ವರೆಗಿನ ಮಹಾಕ್ಷಾಮವನ್ನು ನೆನಸಿರಿ. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ದಿಕ್ಕಿಲ್ಲದ ಮಕ್ಕಳಿಗಾಗಿ ವೆಸ್ಲಿಯನ್ ಮಿಶನಿನವರು ತುಮಕೂರು ಹಾಸನಗಳಲ್ಲಿ ಅನಾಥಾಲಯಗಳನ್ನು ನಡಿಸಿದರು. ಆ ಕಾಲದಲ್ಲಿ ಮನುಷ್ಯರನ್ನು ಉಳಿಸಿದ್ದು ಯಾವದು? ಒಬ್ಬನು ತನ್ನ ಗಂಜಿಯಲ್ಲಿ ಇನ್ನೊಬ್ಬನಿಗೆ ಪಾಲು ಕೊಟ್ಟದ್ದೇ. ಆದಕಾರಣ ಬೆಳೆ ಬಾರದ ವರುಷದಲ್ಲಿ ಹಬ್ಬವು ಯಾತಕ್ಕೆಂಬ ಪ್ರಶ್ನೆಗೆ ನಮ್ಮ ಉತ್ತರವು ಇದು: ಬೆಳೆದವನೂ ಬೆಳೆಯದವನೂ ಒಂದೇ ಪಂಕ್ತಿಯಲ್ಲಿ ಕೂತುಕೊಳ್ಳುವದಕ್ಕಾಗಿಯೇ ಹಬ್ಬವು. ಒಬ್ಬನೇ ಉಣ್ಣುವದಕ್ಕೆ ಹಬ್ಬವು ಬೇಕಾಗಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಬಿಡಲಾರೆವು. ನಮ್ಮ ಸಭೆಗಳಲ್ಲಿ ಎಲ್ಲರಿಗೂ ಹೊಲವಿಲ್ಲ. ಸುಗ್ಗಿ ಹಬ್ಬದ ದಿವಸ ಹೊಳಲ್ಕೆರೆಯ ಕಡೆಯ ತೋಟದವರು ಅಡಿಕೆಯ ಗೊನೆಯನ್ನು ತರುತ್ತಾರೆ. ಹೊಸದುರ್ಗದ ಕಡೆಯವರು ತೆಂಗಿನಕಾಯಿಯ ಗೊನೆಯನ್ನು ತರುತ್ತಾರೆ. ಒಬ್ಬರು ಕೋಳಿ, ಒಬ್ಬರು ರಾಗಿಯ ಮೂಟೆ. ಕೂಲಿ ಮಾಡುವ ತಾಯಿಯೊಬ್ಬಳು ನ್ಯಾಯಬೆಲೆ ಅಂಗಡಿಯಲ್ಲಿ ತಂದ ರಾಗಿಯಲ್ಲಿ ಒಂದು ಬೊಗಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಎಲ್ಲರೂ ಇಟ್ಟ ಮೇಲೆ, ಯಾರೂ ನೋಡದ ಹಾಗೆ ಇಟ್ಟು ಹಿಂದಕ್ಕೆ ಸರಿಯುತ್ತಾಳೆ. ಆಮೇಲೆ ಹರಾಜಿನಲ್ಲಿ ದೊಡ್ಡ ದೊಡ್ಡ ಹೆಸರುಗಳನ್ನು ಕೂಗುವಾಗ ಅವಳು ತಲೆ ಬೊಗ್ಗಿಸುತ್ತಾಳೆ. ಸಹೋದರರೇ, ಈ ತಲೆ ಬೊಗ್ಗಿಸುವಿಕೆಯು ನಮ್ಮ ಹಬ್ಬಕ್ಕೆ ಕುಂದು. ದೇವಾಲಯದ ಪೆಟ್ಟಿಗೆಯಲ್ಲಿ ಎರಡು ಕಾಸು ಹಾಕಿದ ವಿಧವೆಯನ್ನು ಕಂಡು ನಮ್ಮ ಸ್ವಾಮಿಯು ಶಿಷ್ಯರಿಗೆ ಯಾರ ಕಾಣಿಕೆಯನ್ನು ದೊಡ್ಡದೆಂದು ತೋರಿಸಿದನೆಂಬದನ್ನು ಲೂಕನ ಸುವಾರ್ತೆಯಲ್ಲಿ ಓದಿದ್ದೇವೆ. ಅಲ್ಲದೆ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಪ್ರಥಮಫಲದ ಬುಟ್ಟಿಯನ್ನು ತಂದವನು ತಾನು ಮಾತ್ರವಲ್ಲ, ಭೂಮಿಯಿಲ್ಲದ ಲೇವಿಯನೂ ಪರದೇಶಸ್ಥನೂ ಸಂಗಡ ಸಂತೋಷಪಡಬೇಕೆಂದು ಆಜ್ಞೆಯಿದೆ. ಭೂಮಿಯಿಲ್ಲದವರಿಗೆ ಸುಗ್ಗಿಯ ಸಂತೋಷವು ಭಿಕ್ಷೆಯಲ್ಲ, ಅವರ ಪಾಲು.

ಯಾಜಕಕಾಂಡದ 23ನೆಯ ಅಧ್ಯಾಯದಲ್ಲಿ ಮತ್ತೊಂದು ಸಂಗತಿಯಿದೆ. ಆ ಅಧ್ಯಾಯವೆಲ್ಲಾ ಹಬ್ಬಗಳ ಪಟ್ಟಿ. ಆದರೆ ಅದರ ನಟ್ಟನಡುವೆ, 22ನೆಯ ವಚನದಲ್ಲಿ, ಹಬ್ಬಕ್ಕೆ ಸಂಬಂಧವಿಲ್ಲದ್ದೆಂದು ತೋರುವ ಒಂದು ಆಜ್ಞೆಯು ಬರುತ್ತದೆ: ಹೊಲದ ಅಂಚನ್ನು ಪೂರಾ ಕೊಯ್ಯಬಾರದು, ಹಕ್ಕಲಾಯಬಾರದು, ಅದನ್ನು ಬಡವನಿಗೂ ಪರದೇಶಿಗೂ ಬಿಡಬೇಕು. ಹಬ್ಬಗಳ ನಡುವೆ ಹಕ್ಕಲಿನ ಮಾತು ಯಾಕೆ ಬಂತು? ಹಕ್ಕಲು ಬಿಡದವನ ಹಬ್ಬವನ್ನು ದೇವರು ಹಬ್ಬವೆಂದು ಎಣಿಸುವದಿಲ್ಲವಾದದರಿಂದಲೇ ಎಂದು ನಮಗೆ ತೋರುತ್ತದೆ. ಬೋವಜನ ಹೊಲದಲ್ಲಿ ಹಕ್ಕಲಾಯ್ದ ರೂತಳ ಸಂತಾನದಲ್ಲಿ ದಾವೀದನೂ, ದಾವೀದನ ವಂಶದಲ್ಲಿ ನಮ್ಮ ರಕ್ಷಕನೂ ಹುಟ್ಟಿದರು. ಒಬ್ಬ ರೈತನು ಅಂಚಿನಲ್ಲಿ ಬಿಟ್ಟ ಕೆಲವು ತೆನೆಗಳು ಎಲ್ಲಿಯ ವರೆಗೆ ಹೋದವು ನೋಡಿರಿ!

ಚಿತ್ರದುರ್ಗದ ಕೋಟೆಯನ್ನು ಹತ್ತಿದವರು ಅಲ್ಲಿಯ ಹೊಂಡಗಳನ್ನು ಕಂಡಿರುವಿರಿ. ಬಂಡೆಗಳ ಮೇಲೆ ಬಿದ್ದ ಮಳೆಯ ನೀರು ಮೇಲೆ ಗೋಪಾಲಸ್ವಾಮಿ ಹೊಂಡಕ್ಕೆ ಸೇರಿ, ಅದು ತುಂಬಿದ ಮೇಲೆ ಅಕ್ಕ ತಂಗಿಯರ ಹೊಂಡಕ್ಕೆ ಇಳಿದು, ಹಾಗೆಯೇ ಕೆಳಗಣ ಹೊಂಡಗಳಿಗೆ ಹರಿಯುವಂತೆ ಪೂರ್ವಿಕರು ದಾರಿ ಮಾಡಿದ್ದರು. ಮೇಲಣ ಹೊಂಡವು ತುಂಬಿದ್ದನ್ನು ತನ್ನಲ್ಲಿಯೇ ಇಟ್ಟುಕೊಳ್ಳುವ ಹಾಗಿಲ್ಲ. ಸಭೆಯೂ ಹೀಗೆಯೇ ಇರತಕ್ಕದ್ದು. ದೇವರು ಒಂದು ಮನೆಯನ್ನು ತುಂಬಿಸುವದು ಅದರ ಕೆಳಗಣ ಮನೆಯು ಬರಿದಾಗದಿರಲೆಂದೇ.

ಆದಕಾರಣ ಈ ಶರತ್ಕಾಲದಲ್ಲಿ ನಮ್ಮ ಸಭೆಗಳು ಮಾಡತಕ್ಕ ಮೂರು ಕೆಲಸಗಳನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲನೆಯದಾಗಿ, ಹಬ್ಬಕ್ಕೆ ಮುಂಚೆ ಒಂದು ವಾರವನ್ನು ಸಮಾಧಾನದ ವಾರವಾಗಿ ಇಟ್ಟುಕೊಳ್ಳಿರಿ. ಬಾಕಿ ಇರುವ ಕೂಲಿಯು ಸಂದಾಯವಾಗಲಿ. ಮಾತು ಬಿಟ್ಟವರು ಮಾತಾಡಲಿ. ಪ್ರತಿ ಸಂಜೆ ಒಂದೊಂದು ಮನೆಯಲ್ಲಿ ಪ್ರಾರ್ಥನೆ ನಡೆಯಲಿ.

ಎರಡನೆಯದಾಗಿ, ಬೆಳೆ ಹೋದ ಮನೆಗಳಿಗೂ ಸಾಲದಲ್ಲಿ ಸಿಕ್ಕಿದ ಮನೆಗಳಿಗೂ ಹಿರಿಯರು ಇಬ್ಬಿಬ್ಬರಾಗಿ ಹೋಗಲಿ. ಉಪದೇಶ ಮಾಡುವದಕ್ಕಲ್ಲ, ಕೇಳುವದಕ್ಕೆ ಹೋಗಲಿ. ಸಾಲವೆಷ್ಟು, ಯಾರಿಗೆ, ಬಡ್ಡಿಯೇನು, ಬ್ಯಾಂಕಿಗಾಗಲಿ ಕೃಷಿ ಇಲಾಖೆಗಾಗಲಿ ಹೋಗಿ ಕೇಳುವದಕ್ಕೆ ಓದಿದ ಹುಡುಗನೊಬ್ಬನು ಸಂಗಡ ಬರಬೇಕೋ ಎಂದು ವಿಚಾರಿಸಲಿ. ಮನಸ್ಸು ಮುರಿದವನನ್ನು ಒಂಟಿಯಾಗಿ ಬಿಡಬೇಡಿರಿ.

ಮೂರನೆಯದಾಗಿ, ಬೀಜದ ಕಾಣಿಕೆಯನ್ನು ಎತ್ತಿರಿ. ಹಬ್ಬಕ್ಕೆ ಕಾಯದೆ ಈಗಲೇ, ಎರೆಹೊಲದ ತೇವವು ಆರುವ ಮುಂಚೆಯೇ ಎತ್ತಿರಿ. ಕೊಯ್ದವರು ತಮ್ಮ ಬೆಳೆಯ ಒಂದು ಪಾಲನ್ನು, ಇಲ್ಲವೆ ಅದರ ಹಣವನ್ನು, ಸಭೆಗೆ ಕೊಡಲಿ. ಅದರಿಂದ ಕಡಲೆಯ ಬೀಜವೋ ಜೋಳದ ಬೀಜವೋ ಕೊಂಡು, ಮುಂಗಾರಿನಲ್ಲಿ ಕಳಕೊಂಡವನ ಕೂರಿಗೆಗೆ ಬಡ್ಡಿಯಿಲ್ಲದೆ ಕೊಡಿರಿ. ಹೊಲವಿಲ್ಲದ ಮನೆಗೆ ಧಾನ್ಯವನ್ನೇ ಕೊಡಿರಿ. ದೇವರು ಬೆಳೆ ಕೊಟ್ಟ ವರುಷ ಪಡೆದವನು ಅಷ್ಟನ್ನೇ ತಿರಿಗಿ ಸಭೆಗೆ ತರಲಿ. ಅದು ಇನ್ನೊಬ್ಬನಿಗೆ ಬೀಜವಾಗಲಿ.

ಕೊಯ್ಯುವದೂ ಬಿತ್ತುವದೂ ಕೂಡಿ ಬರುವ ಈ ಕಾಲದ ಅರ್ಥವು ಇಲ್ಲಿಯೇ ಇದೆಯೆಂದು ನಾವು ತಿಳುಕೊಳ್ಳುತ್ತೇವೆ. ಒಬ್ಬನ ಕೃತಜ್ಞತೆಯು ಇನ್ನೊಬ್ಬನ ಬಿತ್ತನೆಯಾಗಬೇಕು. ಬಾಯಲ್ಲಿ ಮಾತ್ರ ಉಳಿದ ಸ್ತೋತ್ರವು ಹಗೇವಿನಲ್ಲಿ ಹುಳ ಹಿಡಿದ ಜೋಳದ ಹಾಗೆ. ಯಾರ ಹಸಿವೆಗೂ ಬಾರದು, ಯಾವ ಹೊಲದಲ್ಲಿಯೂ ಮೊಳೆಯದು. ಕೈಬಿಟ್ಟು ಮಣ್ಣಿಗೆ ಬಿದ್ದ ಕಾಳೇ ನೂತನವಾಗುವದು. ನೆಲಕ್ಕೆ ಬಿದ್ದು ಸಾಯದ ಗೋಧಿಯ ಕಾಳು ಒಂದೇ ಆಗಿ ಉಳಿಯುವದೆಂದು ಹೇಳಿದಾತನು ತನ್ನ ಪ್ರಾಣವನ್ನೇ ನಮಗಾಗಿ ಬಿತ್ತಿದನು. ಆತನಿಂದ ಪಡೆದ ನಾವು ಒಂದು ಸೇರು ಕಡಲೆಗೆ ಹಿಂದೆಗೆಯಬಹುದೋ?

ಕರುಣೆಯುಳ್ಳ ತಂದೆಯೇ, ಮಳೆಯನ್ನು ಕೊಡುವಾತನೂ ತಡೆದಾಗ ನಮ್ಮನ್ನು ಹಿಡಿದು ನಿಲ್ಲಿಸುವಾತನೂ ನೀನೇ. ತುಂಬಿದ ಕಣದಲ್ಲಿ ನಮಗೆ ದೀನಮನಸ್ಸನ್ನೂ ಬರಿದಾದ ಕಣದಲ್ಲಿ ನಿನ್ನ ಮೇಲಣ ಭರವಸವನ್ನೂ ಅನುಗ್ರಹಿಸು. ಬಿತ್ತುವವರ ಕೈಗಳನ್ನು ಬಲಪಡಿಸು. ಅಳುವವರ ಬಳಿಯಲ್ಲಿ ಕೂಡ್ರುವದಕ್ಕೆ ನಮಗೆ ಕಲಿಸು. ಹೊಲದ ಅಂಚನ್ನು ಬಿಡುವ ಹೃದಯವನ್ನು ಕೊಡು. ನಮ್ಮ ಕರ್ತನಾದ ಯೇಸುಕ್ರಿಸ್ತನ ಮೂಲಕ ಬೇಡಿಕೊಳ್ಳುತ್ತೇವೆ. ಆಮೆನ್.